ಕೋಣೆ, ಅಡುಗೆಮನೆ, ಜಗಲಿ, ರಸ್ತೆ

ನಮ್ಮ ಕಾಲೇಜಿನ ಇತಿಹಾಸದ ಮೇಡಂ ತೀರಿಕೊಂಡ ಎರಡನೆಯ ವಾರ ಶ್ರದ್ಧಾಂಜಲಿ ಸಭೆ ನಡೆಯಿತು. ಅವರ ಒಂದು ಸರಿಯಾದ ಫೋಟೊ ಯಾರ ಬಳಿಯೂ ಇರಲಿಲ್ಲ. ಫೋಟೊ ತೆಗೆಯುವಾಗೆಲ್ಲ ಅವರು ಯಾರಾದರೂ ಎತ್ತರದವರ ಹಿಂದೆ ಹೋಗಿ ನಿಲ್ಲುತ್ತಿದ್ದರು. ಕೊನೆಗೆ ವಾರ್ಷಿಕೋತ್ಸವದ ಒಂದು ಚಿತ್ರದಿಂದ ಅವರ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸಿದರು. ಹಾಗೆ ಮಾಡುವಾಗ ಭುಜದ ಮೇಲೆ ಬೇರೆ ಯಾರದೋ ಮೊಣಕೈ ಉಳಿದುಕೊಂಡಿತು. ಹಾರ ಮೊಣಕೈಗೂ ಬಿತ್ತು.

ಮಾತಾಡಿದ ಆರು ಜನರಲ್ಲಿ ಐವರು ಮೇಡಂ ಮೃದುಭಾಷಿ ಎಂದರು. ಆರನೆಯವರಿಗೆ ಗಂಟಲು ಕಟ್ಟಿತ್ತು. ನಾನು ಹಿಂದಿನ ಸಾಲಿನಲ್ಲಿ ನೆಲ ನೋಡುತ್ತಾ ಕೂತಿದ್ದೆ. ಮೇಡಂ ಮೃದುಭಾಷಿಯಾಗಿದ್ದರೆ ಹೊಸನಗರ ಬಸ್‌ಸ್ಟ್ಯಾಂಡಿನ ಕಂಡಕ್ಟರುಗಳೆಲ್ಲ ಸಂತರು.

ಸಭೆ ಮುಗಿದು ಕಾಫಿ ಕುಡಿಯುವಾಗ ಪ್ರಿನ್ಸಿಪಾಲರು ನನ್ನನ್ನು ಪಕ್ಕಕ್ಕೆ ಕರೆದರು.

"ಏನಪ್ಪಾ, ಮೇಡಂ ಮಾಡಿದ್ರಲ್ಲ ಆ ವೆಬ್‌ಸೈಟು, ಅದರ ಪಾಸ್‌ವರ್ಡ್ ನಿನ್ನ ಹತ್ರ ಇದೆ ಅಲ್ವಾ?"

"ಇದೆ ಸಾರ್."

"ಎಷ್ಟು ಬರಹ ಇದೆ ಅದರಲ್ಲಿ?"

"ಮುನ್ನೂರು ಚಿಲ್ಲರೆ."

"ಜನಕ್ಕೆ ಕಾಣೋದು?"

"ಎಪ್ಪತ್ತೊಂದು."

ಅವರು ಕಾಫಿ ಲೋಟ ಕೆಳಗಿಟ್ಟರು. "ಮುಂದಿನ ಸೋಮವಾರ ಕಾಲೇಜಿಗೆ ಗ್ರೇಡ್ ಕೊಡೋ ಕಮಿಟಿ ಬರ್ತಿದೆ. ಎಲ್ಲಾ ಓಪನ್ ಮಾಡಿಬಿಡು. ಮೇಡಂಗೂ ಅದೇ ನಿಜವಾದ ಶ್ರದ್ಧಾಂಜಲಿ."

ನಾನು ಆ ಕಾಲೇಜಿನ ಕಂಪ್ಯೂಟರ್ ಕೋಣೆಯ ಅಟೆಂಡರ್. ಪಿಯುಸಿಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿದವನು. ಕಮಿಟಿಗೆ ಏನು ತೋರಿಸಬೇಕು ಎಂದು ತೀರ್ಮಾನಿಸುವ ಕೆಲಸ ನನ್ನದಲ್ಲ. ಆದರೆ ಮಕ್ಕಳು ಮುಚ್ಚಿಟ್ಟ ಇನ್ನೂರಕ್ಕೂ ಹೆಚ್ಚು ಬರಹಗಳನ್ನು ತೆರೆಯುವ ಬೀಗದಕೈ ನನ್ನಲ್ಲಿತ್ತು. ತೆರೆಯಬೇಕೋ ಬೇಡವೋ ಎನ್ನುವುದು ಹಾಗೆ ನನ್ನ ತಲೆಗೆ ಬಿತ್ತು. ನಾನು ಏನು ಮಾಡಿದೆ ಎಂದು ಹೇಳುವುದಕ್ಕೆ ಮೊದಲು ಮೇಡಂ ಎಂಥವರು ಎಂದು ಹೇಳಬೇಕು.

ಅವರು ಬರುವುದಕ್ಕೆ ಮುಂಚೆ ನಮ್ಮಲ್ಲಿ ಇತಿಹಾಸದ ಅಸೈನ್‌ಮೆಂಟ್ ಎಂದರೆ ಇಕ್ಕೇರಿಯ ದೇವಸ್ಥಾನ. ಅಕ್ಕ ಬರೆದ ಇಕ್ಕೇರಿಯನ್ನು ತಂಗಿ ನಕಲು ಮಾಡುತ್ತಿದ್ದಳು, ತಂಗಿಯದನ್ನು ಪಕ್ಕದ ಮನೆಯವನು. ಮೇಡಂ ಬಂದ ಮೊದಲ ವರ್ಷ ಮೂವತ್ತೆಂಟು ಇಕ್ಕೇರಿಗಳು ಬಂದವು. ಮೂವತ್ತೆಂಟರಲ್ಲೂ "ನಾನು ಹೋದ ದಿನ ನನಗೆ ಹೊಟ್ಟೆನೋವಿತ್ತು" ಎಂಬ ವಾಕ್ಯವಿತ್ತು. ಮೇಡಂ ಅಷ್ಟನ್ನೂ ಎತ್ತಿಕೊಂಡು ತರಗತಿಗೆ ಹೋಗಿ ಮೇಜಿನ ಮೇಲೆ ಹಾಕಿದರಂತೆ.

"ಮೂವತ್ತೆಂಟು ಜನಕ್ಕೂ ಒಂದೇ ದಿನ ಹೊಟ್ಟೆನೋವು. ಯಾರಾದ್ರೂ ಒಬ್ರು ಆಸ್ಪತ್ರೆಗೆ ತಿಳಿಸ್ಬಾರ್ದಿತ್ತಾ ಮಾರಾಯ್ರೆ?"

ಮುಂದಿನ ವರ್ಷದಿಂದ ಇಕ್ಕೇರಿಗೆ ನಿಷೇಧ ಬಿತ್ತು. ಪ್ರವಾಸಿಗರಿಗೆಂದು ಬೋರ್ಡು ನಿಲ್ಲಿಸಿದ ಯಾವ ಜಾಗದ ಬಗ್ಗೆಯೂ ಬರೆಯಬಾರದು. "ಬೋರ್ಡ್ ಬರೆದವನು ಆಗ್ಲೇ ಬರ್ದಿದಾನೆ. ನಿಮ್ಮೂರಲ್ಲಿ ಬೋರ್ಡ್ ಇಲ್ಲದ್ದು ಎಂತ ಇದೆ ನೋಡಿ. ಒಬ್ಬರ ಕೆಲಸ, ಒಂದು ಕಟ್ಟೆ, ಒಂದು ಹಳೇ ಜಗಳ. ಅದನ್ನ ಬರೀರಿ."

ಮಕ್ಕಳು ಬರೆದರು. ವರ್ಷ ಮುಗಿದ ಮೇಲೆ ಆ ಪುಸ್ತಕಗಳೆಲ್ಲ ಕಚೇರಿಯ ಹಳೆ ಕಾಗದದ ಜೊತೆ ಗುಜರಿಗೆ ಹೋದವು. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಬೋಂಡ ತೆಗೆದುಕೊಂಡರೆ ಪೊಟ್ಟಣದ ಒಳಗೆ ತಮ್ಮದೇ ವಿದ್ಯಾರ್ಥಿಯೊಬ್ಬನ ಅಜ್ಜನ ಕತೆ ಅರ್ಧ ಸಿಕ್ಕಿತು. ಮೇಡಂ ಎಣ್ಣೆ ಹತ್ತಿದ ಆ ಹಾಳೆ ಹಿಡಿದುಕೊಂಡೇ ನನ್ನ ಕೋಣೆಗೆ ಬಂದರು.

"ಮಾರಾಯ, ಇದನ್ನೆಲ್ಲ ಕಂಪ್ಯೂಟರಲ್ಲಿ ಹಾಕೋಕೆ ಆಗ್ತದಾ?"

"ಆಗ್ತದೆ ಮೇಡಂ. ಹಾಕಿದ್ರೆ ಇಡೀ ಪ್ರಪಂಚ ನೋಡಬಹುದು."

"ಪ್ರಪಂಚ ಅಲ್ಲಿರ್ಲಿ. ಮೊದಲು ಯಾರೂ ನೋಡದ ಹಾಗೆ ಹಾಕು."

ನನಗೆ ಅರ್ಥವಾಗಲಿಲ್ಲ. ಯಾರೂ ನೋಡದ ಹಾಗೆ ಇಡುವುದಾದರೆ ವೆಬ್‌ಸೈಟ್ ಯಾಕೆ? ಮೇಡಂ ಕುರ್ಚಿ ಎಳೆದು ಕೂತರು. "ನಿಮ್ಮನೆಗೆ ಬಂದವರನ್ನೆಲ್ಲ ಸೀದಾ ಮಲಗೋ ಕೋಣೆಗೆ ಕರ್ಕೊಂಡು ಹೋಗ್ತೀಯಾ?"

"ಇಲ್ಲ ಮೇಡಂ."

"ಮತ್ತೆ?"

ಹೀಗೆ ಆ ವೆಬ್‌ಸೈಟಿಗೆ ನಾಲ್ಕು ಜಾಗಗಳಾದವು. ಮೇಡಂ ಹೇಳಿದರು, ನಾನು ಮಾಡಿದೆ. ಮೊದಲನೆಯದು ಕೋಣೆ. ಅಲ್ಲಿಟ್ಟದ್ದು ಬರೆದವರಿಗೆ ಮಾತ್ರ. ಎರಡನೆಯದು ಅಡುಗೆಮನೆ. ಬರೆದವರು ತಾವೇ ಆರಿಸಿದ ಒಬ್ಬ ಗೆಳೆಯ ಅಥವಾ ಗೆಳತಿ ಮತ್ತು ಮೇಡಂ ಅಲ್ಲಿಗೆ ಬರಬಹುದು. ಮೂರನೆಯದು ಜಗಲಿ, ಇಡೀ ತರಗತಿಗೆ. ನಾಲ್ಕನೆಯದು ರಸ್ತೆ. ಅಲ್ಲಿ ಯಾರು ಬೇಕಾದರೂ ಓದಬಹುದು. ಒಂದೊಂದೇ ಮೆಟ್ಟಿಲು ದಾಟಬೇಕು, ಹಾರುವಂತಿಲ್ಲ. ಜಗಲಿಯಿಂದ ರಸ್ತೆಗೆ ಇಳಿಯುವ ಮೊದಲು ಯಾರ ಬಗ್ಗೆ ಬರೆದಿದ್ದಾರೋ ಅವರ ಎದುರು ಕೂತು ಪೂರ್ತಿ ಓದಿ ಹೇಳಬೇಕು. ಅವರು ಬೇಡ ಎಂದರೆ ಬೇಡ. ಅಂಕ ಜಗಲಿಯಲ್ಲೇ ಸಿಗುತ್ತಿತ್ತು. ರಸ್ತೆಗೆ ಇಳಿದದ್ದಕ್ಕೆ ಅರ್ಧ ಅಂಕವೂ ಹೆಚ್ಚಿಲ್ಲ.

ವೆಬ್‌ಸೈಟಿನ ಯಜಮಾನ ಖಾತೆ ಮೇಡಂ ಹೆಸರಿನಲ್ಲಿತ್ತು. ಅದರಿಂದ ಅವರು ಯಾವ ಕೋಣೆಗೆ ಬೇಕಾದರೂ ನುಗ್ಗಬಹುದಿತ್ತು. ಎಂದೂ ನುಗ್ಗಲಿಲ್ಲ. ಒಮ್ಮೆ ನಾನೇ ಕೇಳಿದೆ, ಒಬ್ಬ ಹುಡುಗ ಎರಡು ತಿಂಗಳಿಂದ ಏನೋ ಬರೆಯುತ್ತಲೇ ಇದ್ದಾನೆ, ಒಂದು ಸಲ ಇಣುಕಿ ನೋಡಬಾರದೇ ಎಂದು.

"ಕೋಣೆಯಲ್ಲಿ ಬರೆಯೋದು ಅಂದ್ರೆ ಬೆಳಿಗ್ಗೆ ಹಲ್ಲುಜ್ಜದೆ ಮಾತಾಡಿದ ಹಾಗೆ. ಮಾತಾಡ್ಲಿ ಬಿಡು. ನಾನು ಮೂಸೋಕೆ ಹೋಗಲ್ಲ."

ಮೇಡಂ ಜೈನರ ಮನೆಯವರು, ದಿನಾ ಸಾಗರದಿಂದ ಬರುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಪದ್ಧತಿ. ಮನೆಯಲ್ಲಿ ಅದನ್ನು ಎಷ್ಟು ಪಾಲಿಸುತ್ತಿದ್ದರೋ ಗೊತ್ತಿಲ್ಲ, ಕಾಲೇಜಿನ ಸಭೆಗಳಲ್ಲಿ ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಚರ್ಚೆ ಎಳೆಯತೊಡಗಿದ ಕೂಡಲೇ ಚೀಲ ಎತ್ತಿಕೊಂಡು, "ಸಾರ್, ಹೊತ್ತು ಇಳೀತಿದೆ, ನಾನು ಬರ್ತೀನಿ" ಎಂದು ಏಳುತ್ತಿದ್ದರು. ಧರ್ಮದ ವಿಷಯವಾದ್ದರಿಂದ ಯಾರೂ ತಡೆಯುತ್ತಿರಲಿಲ್ಲ. ಒಂದು ಸಲ ಮಧ್ಯಾಹ್ನ ಎರಡೂವರೆಗೇ ಎದ್ದರು. ಅಂದಿನ ಪ್ರಿನ್ಸಿಪಾಲರು ಕಿಟಕಿಯ ಕಡೆ ನೋಡಿ, "ಮೇಡಂ, ಬಿಸಿಲು ನೆತ್ತಿ ಮೇಲಿದೆಯಲ್ಲ" ಎಂದರು. "ಸಾಗರದ ಬಸ್ಸು ನಿಧಾನ ಸಾರ್" ಎಂದು ಮೇಡಂ ಹೊರಟೇಬಿಟ್ಟರು.

ಅದೇ ಮೇಡಂ ಒಂದು ಸಂಜೆ, ದೀಪ ಹತ್ತಿಸಿ ಎಷ್ಟೋ ಹೊತ್ತಾದ ಮೇಲೆ, ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಗೋಳಿಬಜೆ ತಿನ್ನುತ್ತಾ ನನ್ನ ಕಣ್ಣಿಗೆ ಬಿದ್ದರು. ನಾನು ಕತ್ತಲಾದ ಆಕಾಶ ನೋಡಿದೆ. ಅವರು ನನ್ನನ್ನು ನೋಡಿದರು.

"ಇದು ಊಟ ಅಲ್ಲ ಮಾರಾಯ. ಕ್ಷೇತ್ರಕಾರ್ಯ. ನೀನೂ ಒಂದು ತಗೋ."

ಓದುವಾಗ ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಿದ್ದರು. ಬರಹ ಚೆನ್ನಾಗಿದ್ದರೆ ಮುಚ್ಚಳ ಅಲ್ಲಾಡುತ್ತಿರಲಿಲ್ಲ. "ನಮ್ಮ ಹಿರಿಯರು ಹೇಳುವ ಪ್ರಕಾರ" ಎಂದು ಯಾರಾದರೂ ಬರೆದಿದ್ದರೆ ಮುಚ್ಚಳ ಮೇಜಿನ ಮೇಲೆ ಬೀಳುತ್ತಿತ್ತು. "ಯಾವ ಹಿರಿಯ? ಹೆಸರಿಲ್ವಾ ಅವರಿಗೆ? ಹಲ್ಲಿದೆಯಾ?" ಎಂದು ಪಕ್ಕದಲ್ಲಿ ಬರೆಯುತ್ತಿದ್ದರು. ಹಲ್ಲಿನ ಪ್ರಶ್ನೆಗೆ ಉತ್ತರ ತರಲು ಒಬ್ಬಳು ನಿಜವಾಗಿಯೂ ಮುತ್ತಜ್ಜಿಯ ಬಾಯಿ ತೆರೆಸಿ ನೋಡಿ ಬಂದಿದ್ದಳು. ಎರಡು.

ಎದುರು ಕೂತು ಓದಿ ಹೇಳುವ ನಿಯಮದಿಂದ ಆದ ಫಜೀತಿಗಳು ಬಹಳ. ಮೇಗರವಳ್ಳಿಯ ಕಡೆಯ ಹುಡುಗನೊಬ್ಬ ಲಾರಿ ಚಾಲಕರಿಗೆ ಚಹಾ ಮಾಡುವ ಅಜ್ಜಿಯೊಬ್ಬರ ಬಗ್ಗೆ ಬರೆದಿದ್ದ. ಅಜ್ಜಿ ಬಾಯಿ ಬಿಟ್ಟರೆ ಬೈಗುಳ, ಆದರೂ ಚಾಲಕರು ಅಲ್ಲಿಗೇ ಹೋಗುತ್ತಾರೆ ಎನ್ನುವುದು ಬರಹದ ವಿಷಯ. ಹುಡುಗ ಹೆದರಿ ಹೆದರಿ ಓದಿದ. ಅಜ್ಜಿ ಪೂರ್ತಿ ಕೇಳಿದರಂತೆ.

"ಎಲ್ಲಾ ಸರಿ. ಬೈಗುಳ ಒಂದೂ ಹಾಕ್ಲಿಲ್ಲಲ ನೀನು. ಓದಿದವ್ರು ನಾ ಸುಮ್ನೆ ಹೆಸರು ಮಾಡ್ಕಂಡಿದೀನಿ ಅಂತ ತಿಳ್ಕಳಲ್ವನಾ?"

ಹುಡುಗ ಅಜ್ಜಿ ಹೇಳಿಕೊಟ್ಟ ಮೂರು ಬೈಗುಳಗಳನ್ನು ಬರೆದುಕೊಂಡು ಬಂದ. ಮೇಡಂ ಎರಡಕ್ಕೆ ಒಪ್ಪಿಗೆ ಕೊಟ್ಟರು. "ಮೂರನೇದು ನನಗೇ ಹೊಸದು. ಅದು ಜಗಲಿ ಮೇಲೇ ಇರ್ಲಿ" ಎಂದರು. ರಸ್ತೆಗೆ ಇಳಿದ ಎರಡೂ ಇಂದಿಗೂ ಅಲ್ಲಿವೆ, ಯಾರು ಬೇಕಾದರೂ ಓದಿಕೊಳ್ಳಬಹುದು.

ಎಲ್ಲಕ್ಕಿಂತ ಒಳ್ಳೆಯ ಬರಹ ತಾಳಗುಪ್ಪದ ಒಬ್ಬರ ಬಗ್ಗೆ ಇತ್ತು. ಅವರು ಕೇಳಿ, ಕಣ್ಣೊರೆಸಿಕೊಂಡು, ಬೇಡ ಎಂದರು. ಹಾಗಾಗಿ ಅದರಲ್ಲಿ ಏನಿತ್ತೆಂದು ನಾನೂ ಇಲ್ಲಿ ಹೇಳುವಂತಿಲ್ಲ.

ಈಗ ನನ್ನ ತಪ್ಪಿನ ವಿಷಯ. ಇದರಲ್ಲಿ ಬರುವವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಒಂದು ಶುಕ್ರವಾರ ಎರಡು ಬರಹಗಳನ್ನು ಜಗಲಿಯಿಂದ ರಸ್ತೆಗೆ ತರಬೇಕಿತ್ತು. ಮೇಡಂ ತರಗತಿಯಲ್ಲಿದ್ದರು, ತಮ್ಮ ಖಾತೆಯನ್ನು ನನ್ನ ಯಂತ್ರದಲ್ಲಿ ತೆರೆದಿಟ್ಟು ಹೋಗಿದ್ದರು. ಆ ಎರಡಕ್ಕೆ ಗುರುತು ಹಾಕುವ ಬದಲು ನಾನು ಎಲ್ಲಕ್ಕಿಂತ ಮೇಲಿದ್ದ ಚೌಕಕ್ಕೆ ಹಾಕಿದೆ. ಆ ಚೌಕಕ್ಕೆ ಹಾಕಿದರೆ ಎಲ್ಲಕ್ಕೂ ಹಾಕಿದ ಹಾಗೆ. ಆ ವರ್ಷದ ನಲವತ್ತೊಂದು ಬರಹಗಳು, ಕೋಣೆಯಲ್ಲಿದ್ದವೂ ಸೇರಿ, ಒಟ್ಟಿಗೆ ರಸ್ತೆಗೆ ಬಂದವು. ಅದು ತಿಳಿಯದೆ ನಾನು ಚಹಾ ಕುಡಿಯಲು ಹೋದೆ. ಎರಡು ಗಂಟೆ ಹಾಗೇ ಇದ್ದವು.

ಅದರಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿಯ ಬರಹವಿತ್ತು. ಅವಳ ಅಪ್ಪ ಮದುವೆಮನೆಗಳಿಗೆ ಅಡುಗೆ ಮಾಡುವವರು, ಆ ಸುತ್ತಿನಲ್ಲಿ ಹೆಸರಾದವರು. ಒಂದು ಜ್ವರ ಬಂದು ಹೋದ ಮೇಲೆ ಅವರ ನಾಲಿಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ. ವರ್ಷದಿಂದ ಮಗಳು ಪಕ್ಕದಲ್ಲಿ ನಿಂತು ಸಾರು ನೆಕ್ಕಿ ನೋಡುತ್ತಿದ್ದಳು, ಅವರು ಅವಳ ಮುಖ ನೋಡಿ ಉಪ್ಪು ಹಾಕುತ್ತಿದ್ದರು. ಮನೆಯವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಯಾರೋ ಅದರ ಚಿತ್ರ ತೆಗೆದು ವಾಟ್ಸಾಪಿನಲ್ಲಿ ಹಾಕಿದರು. ವಾರದೊಳಗೆ ಎರಡು ಮದುವೆಮನೆಯವರು ಅವರಿಗೆ ಬೇಡ ಎಂದರು. ಹುಡುಗಿ ಕಾಲೇಜಿಗೆ ಬರುವುದನ್ನು ನಿಲ್ಲಿಸಿದಳು.

ಸುದ್ದಿ ತಿಳಿದ ದಿನ ಮೇಡಂ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದರು.

"ಅವತ್ತು ಚಹಾ ಕುಡಿಯೋಕೆ ಹೋಗಿದ್ಯಲ್ಲ, ಹೇಗಿತ್ತು?"

"ಏನು ಮೇಡಂ?"

"ಚಹಾ ಹೇಗಿತ್ತು? ಸಕ್ಕರೆ ಸರಿ ಇತ್ತಾ?"

"ನೆನಪಿಲ್ಲ ಮೇಡಂ."

"ಹಾಗಾದ್ರೆ ನಿನಗೂ ನಾಲಿಗೆ ಇಲ್ಲ. ಚಪ್ಪಲಿ ಹಾಕ್ಕೊ, ಹೋಗೋಣ."

ಇಬ್ಬರೂ ಬಸ್ಸಿನಲ್ಲಿ ಅಡುಗೆಯವರ ಮನೆಗೆ ಹೋದೆವು. ಅಲ್ಲಿ ಮೇಡಂ, "ತಪ್ಪು ನನ್ನದು, ಮನೆ ಕಟ್ಟಿಸಿ ಬಾಗಿಲಿಗೆ ಚಿಲಕ ಹಾಕಿಸಿರಲಿಲ್ಲ" ಎಂದರು. ಅಲ್ಲ, ಒತ್ತಿದವನು ನಾನು ಎಂದು ನಾನು ಹೇಳಿದೆ. ಅಡುಗೆಯವರು ಇಬ್ಬರನ್ನೂ ನೋಡಿದರು.

"ಯಾರು ಒತ್ತಿದ್ರೆ ಎಂತ? ಬೆಂದಾಯ್ತಲ. ಕೂತ್ಕಳಿ, ಊಟ ಮಾಡಿ."

ಮಗಳು ಒಳಗಿನಿಂದ ಬರಲಿಲ್ಲ. ಅವರೇ ಸಾರು ಮಾಡಿ ಬಡಿಸಿದರು. ನಾನು ತಲೆ ತಗ್ಗಿಸಿ ತಿಂದೆ. ಮೇಡಂ ಎರಡು ತುತ್ತು ತಿಂದು ಕೈ ನಿಲ್ಲಿಸಿದರು.

"ಉಪ್ಪು ಜಾಸ್ತಿ ಆಗಿದೆ."

ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಅಡುಗೆಯವರು ಸೌಟು ಕೆಳಗಿಟ್ಟರು. ಆಮೇಲೆ ಒಳಗೆ ತಿರುಗಿ, "ಬಾರೆ, ನಿಮ್ಮ ಮೇಡಂ ಎಂತ ಹೇಳ್ತಾರೆ ನೋಡು" ಎಂದರು. ಹುಡುಗಿ ಬಂದಳು. ಅತ್ತು ಊದಿದ ಮುಖ. ಸೌಟಿನಿಂದ ಕೈಗೆ ಹಾಕಿಕೊಂಡು ನೋಡಿ, "ಹೌದು ಅಪ್ಪ, ಜಾಸ್ತಿ" ಎಂದಳು.

"ಇಷ್ಟೇ ವಿಷಯ" ಎಂದರು ಮೇಡಂ. "ಕೈ ನಿಮ್ಮದು, ನಾಲಿಗೆ ಅವಳದು. ಮುಚ್ಚಿಡೋಕೆ ಆಗ್ದೇ ಹೋಯ್ತು, ಅದು ನಮ್ಮಿಂದ. ಇನ್ನು ತೋರಿಸ್ಕೊಂಡೇ ಮಾಡಿ. ನಮ್ಮ ವಾರ್ಷಿಕೋತ್ಸವಕ್ಕೆ ನೀವೇ ಬರ್ಬೇಕು."

ಅವರು ಬಂದರು. ಹುಡುಗಿ ಎಲ್ಲರ ಎದುರಿಗೇ ಕೊಪ್ಪರಿಗೆಯ ಪಕ್ಕ ಸೌಟು ಹಿಡಿದು ನಿಂತಳು. ಊಟ ಚೆನ್ನಾಗಿತ್ತು. ಆಮೇಲೆ ಅವರಿಗೆ ಕೆಲಸ ಬರತೊಡಗಿತು, ಮೊದಲಿನಷ್ಟು ಅಲ್ಲ. ಮೊದಲಿನಷ್ಟು ಅಲ್ಲ ಎನ್ನುವುದು ನನ್ನ ಲೆಕ್ಕಕ್ಕೆ ಸೇರಿದ್ದು. ಕೇಳದೆ ಇನ್ನೊಂದು ಬಾಗಿಲು ತೆರೆಯುವುದಿಲ್ಲ ಎಂದು ಅಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಮೇಡಂ ನಿವೃತ್ತರಾದ ಮೇಲೂ ವೆಬ್‌ಸೈಟ್ ನಡೆಸುತ್ತಿದ್ದರು. ಹೋದ ವರ್ಷ ಕಾಯಿಲೆ ಬಿದ್ದರು. ಸಾಗರದ ಆಸ್ಪತ್ರೆಗೆ ನೋಡಲು ಹೋದಾಗ ಅವರ ತಂಗಿ ಪಕ್ಕದಲ್ಲಿದ್ದರು. ಇಬ್ಬರೂ ಮದುವೆಯಾದವರಲ್ಲ, ಸಾಗರದಲ್ಲಿ ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಇದ್ದವರು.

"ಡಾಕ್ಟ್ರು ಏನಂದ್ರು ಮೇಡಂ?"

"ರಿಪೋರ್ಟು ನನಗೆ ತೋರಿಸ್ತಿಲ್ಲ. ಅದಿನ್ನೂ ಕೋಣೆಯಲ್ಲಿದೆಯಂತೆ. ಇವಳಿಗೆ ಮಾತ್ರ ಅಡುಗೆಮನೆವರೆಗೆ ಬಿಟ್ಟಿದಾರೆ."

ತಂಗಿ, "ಸುಮ್ನೆ ಮಲಗೆ" ಎಂದು ಮುಖ ತಿರುಗಿಸಿಕೊಂಡರು. ಮೇಡಂ ಒಂದು ಚೀಟಿಯಲ್ಲಿ ಪಾಸ್‌ವರ್ಡ್ ಬರೆದು ನನ್ನ ಕೈಗೆ ಕೊಟ್ಟರು. "ಮಕ್ಕಳು ತಮ್ಮ ಪಾಸ್‌ವರ್ಡ್ ಮರ್ತು ಫೋನ್ ಮಾಡ್ತಾವೆ. ಅವರವರ ಬಾಗಿಲು ಅವರವರಿಗೆ ತೆಗೆದುಕೊಡು. ಅಷ್ಟಕ್ಕೆ ಮಾತ್ರ."

ಅದೇ ನಾವಾಡಿದ ಕೊನೆಯ ಮಾತು.

ಶ್ರದ್ಧಾಂಜಲಿ ಸಭೆಯ ಮರುದಿನ ನಾನು ಮೇಡಂ ಖಾತೆ ತೆರೆದು ಪಟ್ಟಿ ನೋಡಿದೆ. ಮಕ್ಕಳ ಹೆಸರುಗಳ ನಡುವೆ ಒಂದು ಕಡೆ ಮೇಡಂ ಹೆಸರೇ ಇತ್ತು. ಬರಹ ಕೋಣೆಯಲ್ಲಿತ್ತು. ಆಸ್ಪತ್ರೆಗೆ ಸೇರುವ ಎರಡು ದಿನ ಮುಂಚೆ ಕೊನೆಯ ಸಲ ತಿದ್ದಿದ್ದರು. ಶೀರ್ಷಿಕೆ ಮಾತ್ರ ಕಾಣುತ್ತಿತ್ತು: "ಕಂಪ್ಯೂಟರ್ ಕೋಣೆಯವನು."

ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆ ಒಂದೇ. ಅದರಲ್ಲಿ ಇರುವವನೂ ಒಬ್ಬನೇ.

ಒಂದು ಸಲ ಒತ್ತಿದರೆ ಸಾಕಿತ್ತು. ನಿಯಮದ ಪ್ರಕಾರ ಅವರು ಎದುರು ಕೂತು ಓದಿ ಹೇಳಬೇಕಾಗಿತ್ತು. ಕೇಳಬೇಕಾದವನು ಕೂತಿದ್ದೆ, ಓದಬೇಕಾದವರು ಇರಲಿಲ್ಲ. ಆ ಮಧ್ಯಾಹ್ನ ನಾನು ಮೌಸನ್ನು ಮೂರು ಸಲ ಅದರ ಮೇಲೆ ತೆಗೆದುಕೊಂಡು ಹೋದೆ. ಮೂರು ಸಲವೂ ಎದ್ದು ಹೋಗಿ ನೀರು ಕುಡಿದು ಬಂದೆ.

ಮೊದಲು ಮಕ್ಕಳದ್ದು ಮುಗಿಸೋಣ ಎಂದು ಹಳೆಯ ನಂಬರುಗಳಿಗೆ ಫೋನ್ ಮಾಡತೊಡಗಿದೆ. ಕೆಲವರು "ಅಯ್ಯೋ ಅಣ್ಣಾ, ಅದಿನ್ನೂ ಇದ್ಯಾ? ಅಳಿಸಿಬಿಡಿ" ಎಂದರು. ಒಬ್ಬ ಈಗ ಬಸ್ ಕಂಡಕ್ಟರ್. "ತೆಗೀಬೇಡಿ ಅಣ್ಣಾ, ನಮ್ಮಪ್ಪಂಗೆ ಗೊತ್ತಾದ್ರೆ, ಏ, ಮುಂದೆ ಹೋಗ್ರಿ ಮುಂದೆ, ಜಾಗ ಇದೆ, ನಮ್ಮಪ್ಪಂಗೆ ಗೊತ್ತಾದ್ರೆ ಮನೆಗೆ ಸೇರ್ಸಲ್ಲ" ಎಂದ. ಬರೆದದ್ದು ಏಳು ವರ್ಷದ ಹಿಂದೆ. ಇಡೀ ಬಸ್ಸು ಅದನ್ನು ಕೇಳಿಸಿಕೊಂಡಿರಬೇಕು. ಹತ್ತೊಂಬತ್ತು ಮಂದಿ, ಯಾರ ಬಗ್ಗೆ ಬರೆದಿದ್ದರೋ ಅವರನ್ನೂ ಕೇಳಿ, ಆಗಲಿ ಎಂದರು. ಆ ಹತ್ತೊಂಬತ್ತನ್ನು ರಸ್ತೆಗೆ ಇಳಿಸಿದೆ.

ಶನಿವಾರ ಪ್ರಿನ್ಸಿಪಾಲರಿಗೆ ಹೇಳಿದೆ. "ಈಗ ತೊಂಬತ್ತಾಯ್ತು ಸಾರ್."

"ಮುನ್ನೂರು ಅಂದಿದ್ದೆಯಲ್ಲ."

"ಉಳಿದವರು ಬೇಡ ಅಂದ್ರು ಸಾರ್. ಕೆಲವರು ಸಿಗಲಿಲ್ಲ."

"ಸಿಗದವರು ಬೇಡ ಅಂದ ಹಾಗಲ್ಲವಲ್ಲ. ಸತ್ತವರ ನಿಯಮ ಹಿಡ್ಕೊಂಡು ಕೂತ್ಕೋತೀಯಾ? ಸೋಮವಾರ ಬೆಳಿಗ್ಗೆ ಪಾಸ್‌ವರ್ಡ್ ನನಗೆ ಕೊಡು. ನಾನೇ ಒತ್ತೀನಿ."

ಭಾನುವಾರ ಸಾಗರಕ್ಕೆ ಹೋಗಿ ಮೇಡಂ ತಂಗಿಗೆ ಎಲ್ಲವನ್ನೂ ಹೇಳಿದೆ. ಮುಚ್ಚಿದ ಬರಹಗಳು, ಕಮಿಟಿ, ನಾಳೆ ಬೆಳಿಗ್ಗೆ. ಅವರು ಅವಲಕ್ಕಿ ಕಲಸುತ್ತಾ ಕೇಳಿದರು.

"ಅದರಲ್ಲಿ ನನ್ನ ಬಗ್ಗೆ ಎಂತಾದ್ರೂ ಬರ್ದಿದಾಳಾ?"

"ಇಲ್ಲ ಅಕ್ಕಾ. ನನ್ನ ಬಗ್ಗೆ ಒಂದಿದೆ."

"ಎಂತ ಬರ್ದಿದಾಳೆ?"

"ಓದಿಲ್ಲ."

ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. "ಮನೆಯಲ್ಲಿ ನಿಮ್ಮನ್ನ ಉದ್ದಮೂತಿ ಅಂತಿದ್ಲು, ಅಷ್ಟು ನನಗೆ ಗೊತ್ತು."

"ಅದು ನನಗೂ ಗೊತ್ತು."

ನಾನು ಫೋನಿನಲ್ಲಿ ಮೇಡಂ ಖಾತೆ ತೆರೆದು, ಹಳೆಯ ಪಾಸ್‌ವರ್ಡ್ ಹಾಕಿ, ಹೊಸದು ಕೇಳುವ ಜಾಗಕ್ಕೆ ತಂದು ಅವರ ಕೈಗೆ ಕೊಟ್ಟೆ. "ನಿಮಗೆ ಮಾತ್ರ ಗೊತ್ತಿರೋದು ಏನಾದರೂ ಹಾಕಿ. ನನಗೆ ಹೇಳಬೇಡಿ. ಗೊತ್ತಿದ್ದರೆ ನಾಳೆ ನಾನು ಸಾಹೇಬರಿಗೆ ಕೊಟ್ಟುಬಿಟ್ಟೇನು. ಇಲ್ಲದಿದ್ದರೆ ನನ್ನದನ್ನು ಓದಿಬಿಟ್ಟೇನು." ಗೋಡೆಯ ಕಡೆ ತಿರುಗಿ ನಿಂತೆ.

"ಅಂಕಿನೂ ಬೇಕಂತೆ."

"ಹಾಕಿ."

"ಚಿಕ್ಕ ಅಕ್ಷರ ಸಾಲ್ದಂತೆ, ದೊಡ್ಡದೂ ಬೇಕಂತೆ. ಎಂತ ಕಾಟ ಮಾರಾಯ್ರೆ ಇದು. ಇನ್ನೊಂದ್ ಸಲ ಬರೀ ಅಂತದೆ."

"ಅದನ್ನೇ ಇನ್ನೊಂದು ಸಲ ಹಾಕಿ."

ಹಾಕಿದರು. ಖಾತೆಯಿಂದ ಹೊರಬಂದು ಫೋನು ಜೇಬಿಗಿಟ್ಟುಕೊಂಡೆ. ಅವಲಕ್ಕಿ ತಿಂದೆವು, ಮೇಡಂ ಬಗ್ಗೆ ಮಾತಾಡಿದೆವು. ಹೊರಟು ಗೇಟಿನ ಹತ್ತಿರ ಬಂದಿದ್ದೆ. ತಂಗಿ ಹಿಂದಿನಿಂದ ಬೇಗಬೇಗ ಬಂದರು.

"ಮಾರಾಯ್ರೆ, ನಿಲ್ಲಿ. ಎಂತ ಹಾಕಿದೆ ಅಂತ ನನಗೆ ಮರ್ತೋಯ್ತು."

"ಏನೂ ನೆನಪಿಲ್ವಾ?"

"ದೊಡ್ಡ ಅಕ್ಷರ ಎಲ್ಲೋ ಮಧ್ಯದಲ್ಲಿ ಹಾಕಿದೆ. ಅವಳ ಸಿಮ್ಮಿಗೆ ಸಂದೇಶ ಬರ್ತದೆ ಅಂತಾರಲ್ಲ?"

ಆ ಸಿಮ್ಮನ್ನು ಅವರೇ ಹೋದ ವಾರ ನಿಲ್ಲಿಸಿದ್ದರು. ಹಾಗೆಂದು ನೆನಪಿಸಿದೆ. ಅವರ ಮುಖ ಸಣ್ಣದಾಯಿತು. ಮಕ್ಕಳ ಬಾಗಿಲಿನ ಕೀಲಿ ಮಕ್ಕಳ ಬಳಿ ಇದೆ, ಅವರಿಗೆ ತೊಂದರೆ ಇಲ್ಲ ಎಂದು ಹೇಳಿದೆ. ಇನ್ನು ಎಲ್ಲವನ್ನೂ ಒಟ್ಟಿಗೆ ತೆರೆಯುವುದು ಯಾರಿಂದಲೂ ಆಗುವುದಿಲ್ಲ, ಪ್ರಿನ್ಸಿಪಾಲರಿಂದಲೂ. ಅದು ಒಳ್ಳೆಯದೇ ಆಯಿತು. ಮರುದಿನ ಪ್ರಿನ್ಸಿಪಾಲರು ಹೇಳಿದ್ದೆಲ್ಲ ಈಗ ಮೆಮೋ ಆಗಿ ನನ್ನ ಫೈಲಿನಲ್ಲಿದೆ.

"ನಿಮ್ಮ ಬಗ್ಗೆ ಬರ್ದಿದ್ದು?" ಎಂದರು ತಂಗಿ.

"ಅದು ಇನ್ನು ಕೋಣೆಯಲ್ಲೇ ಇರ್ತದೆ ಅಕ್ಕಾ" ಎಂದು ಗೇಟಿನ ಚಿಲಕ ತೆಗೆದು ಮತ್ತೆ ಹಾಕಿದೆ.

ಅವರು ಗೇಟಿನ ಸರಳು ಹಿಡಿದುಕೊಂಡರು. "ಅವಳು ಇದ್ದಿದ್ರೆ ಈಗ ನಮ್ಮಿಬ್ರಿಗೂ ಸಮಾ ಬೈತಿದ್ಲು."

"ಹೌದು" ಎಂದೆ.

ಆ ಬೈಗುಳ ಇನ್ನೇನು ಒಳಗಿನಿಂದ ಬಂದೇ ಬರುತ್ತದೆ ಎನ್ನುವವರ ಹಾಗೆ ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆವು.